ಸದ್ದಿನ ನಡುವೆ ಕೂತು ಮಾಡುವ ಪ್ರಾರ್ಥನೆ

ಬೊಂಬಾಯಿಯ ಜೋಗೇಶ್ವರಿಯಲ್ಲಿ ವಿರಾರ್ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಪ್ಲಾಟ್‌ಫಾರ್ಮನ್ನು ನಡುಗಿಸಿ, ಬೆಂಚಿನ ಮೇಲೆ ಕೂತವರ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಹೋಗುತ್ತದೆ. ಅದು ಹೋದ ಮೇಲೆ ಮಾತು ಬಿಟ್ಟಲ್ಲಿಂದ ಮತ್ತೆ ಶುರು. ಪೂರ್ವಕ್ಕೆ ಹೊರಟರೆ ಹೆದ್ದಾರಿ, ರಿಕ್ಷಾಗಳ ಹಾರ್ನು. ಒಳಗಲ್ಲಿಗಳಲ್ಲಿ ಒಂದರ ಬೆನ್ನಿಗೆ ಒಂದು ಅಂಟಿಕೊಂಡ ಖೋಲಿಗಳು, ಒಂದು ಮನೆಯ ಕುಕ್ಕರ್ ಸೀಟಿಗೆ ಇನ್ನೊಂದು ಮನೆಯ ಮಗು ಏಳುವಷ್ಟು ತೆಳ್ಳನೆಯ ಗೋಡೆಗಳು. ಇಂಥ ಕಡೆ ಬಂದು ‘ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ, ಆ ಮೌನ ಏನು ತೋರಿಸುತ್ತದೋ ನೋಡಿ’ ಎಂದು ಹೇಳುವವರನ್ನು ಜನ ಹೇಗೆ ನೋಡಿಯಾರು ಎಂದು ಊಹಿಸುವುದು ಕಷ್ಟವಲ್ಲ.

ಆ ಮಾತು ಹೇಳಿದ ಪುಸ್ತಕ ‘ಸಾಧನಾ’. ಬರೆದವರು ಯೇಸುಸಭೆಯ ಗುರು ಆಂಥನಿ ಡಿ ಮೆಲ್ಲೊ. ಅವರೇನೂ ಹಿಮಾಲಯದಿಂದ ಇಳಿದು ಬಂದವರಲ್ಲ. 1931ರಲ್ಲಿ ಬೊಂಬಾಯಿಯಲ್ಲೇ ಹುಟ್ಟಿ, 1947ರಲ್ಲಿ, ಹದಿಹರೆಯದಲ್ಲೇ, ಅಂಧೇರಿಯ ವಿನಯಾಲಯವನ್ನು ಸೇರಿದವರು. ವಿನಯಾಲಯ ಇರುವುದು ಮಹಾಕಾಳಿ ಕೇವ್ಸ್ ರೋಡಿನಲ್ಲಿ, ಜೋಗೇಶ್ವರಿಯ ಮಗ್ಗುಲಲ್ಲೇ. ಆ ಕಾಲಕ್ಕೆ ಅದು ಊರ ಹೊರಗಿನ ಜಾಗ.

ಈ ಭಾಗದ ನೆಲಕ್ಕೆ ಧ್ಯಾನ ಹೊಸತಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಆ ರಸ್ತೆಗೆ ಹೆಸರು ಕೊಟ್ಟ ಮಹಾಕಾಳಿ ಗುಹೆಗಳು, ಅಂದರೆ ಕೊಂಡಿವಟೆ, ಬೌದ್ಧ ಭಿಕ್ಷುಗಳು ಬಂಡೆ ಕೊರೆದು ಮಾಡಿಕೊಂಡ ವಿಹಾರ. ಜೋಗೇಶ್ವರಿಗೆ ಹೆಸರು ಬಂದದ್ದು ಯೋಗೇಶ್ವರಿಯಿಂದ. 6ನೇ ಶತಮಾನದ ಅಲ್ಲಿನ ಗುಹಾಲಯ ಪಾಶುಪತ ಶೈವರದು, ಆ ಪಂಥದ ಗುರು ಲಕುಲೀಶನ ಶಿಲ್ಪ ಅಲ್ಲಿದೆ. ಬಳ್ಳಿಗಾವಿಯ ಕೋಡಿಯಮಠದ ಕಾಳಾಮುಖರ ಕಥೆ ಓದಿದ ಕನ್ನಡಿಗರಿಗೆ ಈ ಲಕುಲೀಶ ಹೊಸಬನಲ್ಲ. ಇನ್ನೂ ಉತ್ತರಕ್ಕೆ, ಬೋರಿವಲಿಯ ಮಂಡಪೇಶ್ವರದಲ್ಲಿ, 16ನೇ ಶತಮಾನದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಶೈವ ಗುಹೆಯನ್ನೇ ಇಗರ್ಜಿ ಮಾಡಿಕೊಂಡಿದ್ದರು. ಗೋಡೆಯಲ್ಲಿ ಕೊರೆದ ಶಿಲುಬೆ ಇಂದಿಗೂ ಕಾಣುತ್ತದೆ. ಒಬ್ಬರ ಗುಹೆಯಲ್ಲಿ ಇನ್ನೊಬ್ಬರು ಕಣ್ಣು ಮುಚ್ಚಿ ಕೂರುವುದು ಈ ಸಾಲ್ಸೆಟ್ ದ್ವೀಪದ ಹಳೆಯ ಚಾಳಿ. ಮಂಡಪೇಶ್ವರದಲ್ಲಿ ಅದು ಜಬರದಸ್ತಿಯಿಂದ ಆಯಿತು. ಡಿ ಮೆಲ್ಲೊ ಕೇಳಿ, ಕಲಿತು ಮಾಡಿದರು. ವ್ಯತ್ಯಾಸ ಸಣ್ಣದಲ್ಲ.

1978ರಲ್ಲಿ ಆಣಂದದ ಗುಜರಾತ್ ಸಾಹಿತ್ಯ ಪ್ರಕಾಶದಿಂದ ‘ಸಾಧನಾ’ ಇಂಗ್ಲಿಷಿನಲ್ಲಿ ಹೊರಬಂತು. ಹೆಸರಿಗೆ ತಕ್ಕ ಹಾಗೆ ಅದು ಓದುವ ಪುಸ್ತಕವಲ್ಲ, ಮಾಡುವ ಪುಸ್ತಕ: ಅರಿವು, ಕಲ್ಪನೆ, ಭಕ್ತಿ ಎಂಬ ಮೂರು ಭಾಗಗಳಲ್ಲಿ 47 ಅಭ್ಯಾಸಗಳು. ಪುಣೆಯ ಡಿ ನೊಬಿಲಿ ಕಾಲೇಜಿನಲ್ಲಿ ಆರಂಭವಾಗಿ ಮುಂದೆ ಲೋನಾವಳಕ್ಕೆ ಹೋದ ಸಾಧನಾ ಸಂಸ್ಥೆಯಲ್ಲಿ ಗುರುಗಳಿಗೆ, ಸಿಸ್ಟರುಗಳಿಗೆ ಗುಂಪುಗುಂಪಾಗಿ ಹೇಳಿಕೊಟ್ಟದ್ದರ ವಾಸನೆ ಪುಟಪುಟಕ್ಕೂ ಇದೆ. ಭಾಷೆ ಸರಳ, ಉಪದೇಶ ಕಡಿಮೆ, ಅಡುಗೆ ಪುಸ್ತಕದಷ್ಟು ಖಚಿತ. ಬೆನ್ನು ನೇರ ಇರಲಿ. ಹೆಗಲಿಗೆ ಬಟ್ಟೆ ತಾಗುವುದನ್ನು ಗಮನಿಸಿ. ಮೂಗಿನ ಹೊಳ್ಳೆಯಲ್ಲಿ ಉಸಿರು ಒಳಗೆ ಹೋಗುವಾಗ ತಣ್ಣಗೆ, ಹೊರಗೆ ಬರುವಾಗ ಬೆಚ್ಚಗೆ ಇರುವುದನ್ನು ನೋಡಿ. ‘ದೇವರ ಬಗ್ಗೆ ಯೋಚಿಸಿ’ ಎಂಬ ಮಾತು ಎಷ್ಟೋ ಹೊತ್ತಿನವರೆಗೆ ಬರುವುದೇ ಇಲ್ಲ. ಬೌದ್ಧ ಶಿಬಿರವೊಂದರಲ್ಲಿ ದಿನವಿಡೀ ಉಸಿರು ನೋಡುತ್ತ ಕೂತ ಅನುಭವವನ್ನು ಅವರು ಮುಚ್ಚಿಡದೆ ಹೇಳಿಕೊಳ್ಳುತ್ತಾರೆ.

ಇಡೀ ಪುಸ್ತಕದ ಜೀವ ಇರುವುದು ಸದ್ದಿನ ಅಭ್ಯಾಸದಲ್ಲಿ. ಮೊದಲು ಹೆಬ್ಬೆರಳುಗಳಿಂದ ಕಿವಿ ಮುಚ್ಚಿ, ಅಂಗೈಯಿಂದ ಕಣ್ಣು ಮರೆಮಾಡಿ, ತನ್ನ ಉಸಿರಿನ ಸದ್ದನ್ನೇ ಕೇಳಬೇಕು. ಆಮೇಲೆ ಕೈ ಇಳಿಸಿ ಸುತ್ತಲಿನ ಸದ್ದುಗಳಿಗೆ ಕಿವಿ ಕೊಡಬೇಕು: ದೊಡ್ಡದು, ಸಣ್ಣದು, ಹತ್ತಿರದ್ದು, ದೂರದ್ದು. ಇದು ಯಾವುದರ ಸದ್ದು ಎಂದು ಹೆಸರಿಡುವ ಗೋಜಿಗೆ ಹೋಗಬಾರದು. ಡಿ ಮೆಲ್ಲೊ ಅವರ ವಾದ ಇಷ್ಟೇ: ಸದ್ದು ಕಾಡುವುದು ಅದರಿಂದ ಓಡಿಹೋಗಲು ನೋಡಿದಾಗ, ಕಿವಿಗೊಟ್ಟು ಕೇಳಿದರೆ ಅದೇ ಮನಸ್ಸನ್ನು ನಿಲ್ಲಿಸುತ್ತದೆ. ಕೊನೆಗೆ, ಆ ಸದ್ದುಗಳಲ್ಲೇ ದೇವರು ದನಿಗೊಡುತ್ತಿದ್ದಾನೆ ಎಂಬ ಭಾವದಲ್ಲಿ ತಂಗಬೇಕು.

ಜೋಗೇಶ್ವರಿ ಗುಹೆಯ ಮೆಟ್ಟಿಲಿಳಿದು, ಕಂಬಗಳ ಸಾಲಿನ ಅರೆಗತ್ತಲಲ್ಲಿ ಕೂತು ಇದನ್ನು ಮಾಡಿದರೆ ವಾದದ ಬಲ ತಾನೇ ಗೊತ್ತಾಗುತ್ತದೆ. ಪಾರಿವಾಳದ ರೆಕ್ಕೆ, ಕಲ್ಲಿನಿಂದ ಜಿನುಗುವ ನೀರು, ಗರ್ಭಗುಡಿಯ ಗಂಟೆ, ಗುಹೆಯ ನೆತ್ತಿಯ ಮೇಲೆ ಬೆಳೆದುನಿಂತ ಬಸ್ತಿಯ ಟಿವಿ, ಯಾರೋ ಯಾರನ್ನೋ ಮರಾಠಿಯಲ್ಲಿ ಗದರುವುದು. ಗದರುವ ಮಾತಿನ ಅರ್ಥ ಬಿಟ್ಟು ಏರಿಳಿತ ಮಾತ್ರ ಕೇಳತೊಡಗಿದಾಗ ಆ ಜಗಳವೂ ಮಳೆಯ ಹಾಗೆ ಬರೀ ಸದ್ದಾಗುತ್ತದೆ. ಮೌನವೆಂದರೆ ಸದ್ದಿಲ್ಲದ ಜಾಗ ಎಂದು ನಂಬಿದ ಎಲ್ಲ ಆಶ್ರಮಸಾಹಿತ್ಯಕ್ಕೂ ಇಲ್ಲಿ ಉತ್ತರವಿದೆ. ಕರ್ನಾಟಕದಲ್ಲೂ ಕ್ರೈಸ್ತ ಧ್ಯಾನದ ಜಾಗಗಳಿವೆ: ಬೆಂಗಳೂರಿನ ಹೊರವಲಯದ ಬೆನೆಡಿಕ್ಟನ್ ಮಠ ಆಶೀರ್ವನಂ, ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಫಾದರ್ ಅಮಲೋರ್ಪವದಾಸ್ ಕಟ್ಟಿದ ಅಂಜಲಿ ಆಶ್ರಮ. ಎರಡೂ ಕಡೆ ಮೊದಲು ಮರಗಳಿವೆ, ಆಮೇಲೆ ಮೌನ. ಮರ ಇಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಬೊಂಬಾಯಿಯವರೇ ಆಗಿರುವುದು ಸಹಜ.

ಇಷ್ಟು ಹೊಗಳಿದ ಮೇಲೆ ತಕರಾರು.

ಪುಸ್ತಕದ ಉಪಶೀರ್ಷಿಕೆ ‘ಪೌರ್ವಾತ್ಯ ರೂಪದ ಕ್ರೈಸ್ತ ಅಭ್ಯಾಸಗಳು’ ಎನ್ನುತ್ತದೆ. ಓದುಗರನ್ನು ಸೆಳೆದದ್ದೂ, ಮುಂದೆ ಧರ್ಮಾಧಿಕಾರಿಗಳನ್ನು ಹೆದರಿಸಿದ್ದೂ ಆ ‘ಪೌರ್ವಾತ್ಯ’. ಆದರೆ ಪೆಟ್ಟಿಗೆ ಬಿಚ್ಚಿದರೆ ಒಳಗಿನ ಸರಕಿನ ಬಹುಭಾಗ ಮನೆಯದೇ. ಯೇಸುಸಭೆಯನ್ನು ಕಟ್ಟಿದ ಲೊಯೋಲದ ಇಗ್ನೇಷಿಯಸ್ ಬರೆದ ‘ಆಧ್ಯಾತ್ಮಿಕ ಅಭ್ಯಾಸಗಳು’ 1548ರಲ್ಲಿ ಪೋಪರ ಒಪ್ಪಿಗೆ ಪಡೆದು ಅಚ್ಚಾದ ಕೃತಿ. ಅದರಲ್ಲಿ ಒಂದು ಉಸಿರಿಗೆ ಒಂದು ಪದದಂತೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ ಹೇಳುವ ಕ್ರಮ ಸ್ಪಷ್ಟವಾಗಿ ಇದೆ. ಶುಭಸಂದೇಶದ ಒಂದು ಘಟನೆಯೊಳಗೆ ಕಲ್ಪನೆಯಿಂದ ಹೊಕ್ಕು ನೋಡುವುದು, ಕೇಳುವುದು, ಮೂಸುವುದು, ಮುಟ್ಟುವುದೂ ಅವರದೇ. ಇನ್ನೂ ಹಿಂದೆ ಹೋದರೆ, 5ನೇ ಶತಮಾನದ ಜಾನ್ ಕ್ಯಾಸಿಯನ್ ಈಜಿಪ್ಟಿನ ಮರುಭೂಮಿಯ ತಪಸ್ವಿಗಳಿಂದ ಕಲಿತದ್ದು ಒಂದೇ ಕೀರ್ತನೆಯ ಸಾಲನ್ನು ದಿನವಿಡೀ ಜಪಿಸುವುದನ್ನು. ಡಿ ಮೆಲ್ಲೊ ಪೂರ್ವದಿಂದ ತಂದದ್ದು ಮೈಯ ಮೇಲಿನ ನಂಬಿಕೆ, ಕೂರುವ ತಾಳ್ಮೆ, ಕಥೆ ಹೇಳುವ ಜಾಣ್ಮೆ. ಅದು ಕಡಿಮೆಯಲ್ಲ. ಆದರೆ ಉಪಶೀರ್ಷಿಕೆ ಹೇಳುವಷ್ಟೂ ಅಲ್ಲ.

ಎರಡನೆಯ ತಕರಾರು ಕಲ್ಪನೆಯ ಭಾಗದ ಬಗ್ಗೆ. ಅಲ್ಲಿ ಖಾಲಿ ಕುರ್ಚಿಯ ಅಭ್ಯಾಸವಿದೆ: ಎದುರಿಗೆ ಒಂದು ಕುರ್ಚಿ ಇಟ್ಟು, ಅದರಲ್ಲಿ ಯೇಸು ಕೂತಿದ್ದಾನೆಂದು ತಿಳಿದು ಮಾತಾಡುವುದು. ಸರಳ, ಆಪ್ತ, ಯಾರಿಗೂ ಕೇಡಿಲ್ಲ. (ಹತ್ತಡಿ ಖೋಲಿಯಲ್ಲಿ ಕುರ್ಚಿ ಖಾಲಿ ಉಳಿಯುವುದೇ ಪವಾಡ ಎಂದು ಜೋಗೇಶ್ವರಿಯವರು ನಗಬಹುದು; ಆ ನಗುವನ್ನು ಲೇಖಕರೂ ಮೆಚ್ಚುತ್ತಿದ್ದರೇನೋ.) ಆದರೆ ಅದೇ ಭಾಗದಲ್ಲಿ ಬೌದ್ಧರಿಂದ ಪಡೆದ ಶವಧ್ಯಾನವೂ ಇದೆ: ತನ್ನದೇ ಹೆಣ ಹಂತಹಂತವಾಗಿ ಕೊಳೆಯುವುದನ್ನು ನೋಡುವುದು. ಭಿಕ್ಷುಸಂಘದಲ್ಲಿ ಅದಕ್ಕೆ ಗುರು ಇರುತ್ತಾನೆ, ದಿನಚರಿ ಇರುತ್ತದೆ, ಕೆಳಗೆ ಬಿದ್ದರೆ ಹಿಡಿಯುವವರಿರುತ್ತಾರೆ. ಲೋನಾವಳದ ಗುಂಪಿನಲ್ಲೂ ಇದ್ದರು. ಪುಸ್ತಕ ಕೊಂಡು ಮನೆಗೆ ಹೋದವರಿಗೆ ಇಲ್ಲ. ಅಚ್ಚಿನಲ್ಲಿ ಎಲ್ಲ ಅಭ್ಯಾಸಗಳೂ ಒಂದೇ ಅಳತೆಯ ಅಕ್ಷರದಲ್ಲಿ ಸಾಲಾಗಿ ಕೂತಿವೆ. ಯಾವುದು ಊಟ, ಯಾವುದು ಔಷಧಿ ಎಂದು ಓದುಗರಿಗೆ ಹೇಗೆ ತಿಳಿಯಬೇಕು?

ಇದೇ ಹೊತ್ತಿಗೆ ಬೇರೆಡೆ ಹುಟ್ಟಿದ ಎರಡು ಪದ್ಧತಿಗಳ ಪಕ್ಕದಲ್ಲಿಟ್ಟರೆ ‘ಸಾಧನಾ’ದ ಗುಣದೋಷ ಇನ್ನೂ ತಿಳಿಯಾಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಸ್ಪೆನ್ಸರ್ ಮಠದ ಥಾಮಸ್ ಕೀಟಿಂಗ್ ಮತ್ತು ಸಂಗಡಿಗರು, 14ನೇ ಶತಮಾನದ ‘ಅರಿಯದಿರವಿನ ಮೋಡ’ ಎಂಬ ಇಂಗ್ಲಿಷ್ ಕೃತಿಯಿಂದ ‘ಸೆಂಟರಿಂಗ್ ಪ್ರೇಯರ್’ ರೂಪಿಸಿದರು: ಒಂದು ಚಿಕ್ಕ ಪದ ಆರಿಸಿಕೊಂಡು, ಯೋಚನೆ ಎಳೆದಾಗಲೆಲ್ಲ ಮೆಲ್ಲಗೆ ಆ ಪದಕ್ಕೆ ಮರಳುವುದು. ಬೆನೆಡಿಕ್ಟನ್ ಸನ್ಯಾಸಿ ಜಾನ್ ಮೇನ್, ಸನ್ಯಾಸಿಯಾಗುವ ಮೊದಲೇ, 1950ರ ದಶಕದ ಮಲಯಾದಲ್ಲಿ ಸ್ವಾಮಿ ಸತ್ಯಾನಂದರಿಂದ ಮಂತ್ರಜಪ ಕಲಿತವರು. ಅವರು ‘ಮಾರಾನಾಥಾ’ ಎಂಬ ಅರಮಾಯಿಕ್ ಪದವನ್ನು ಮಂತ್ರವಾಗಿಸಿದರು. ಇಬ್ಬರ ದಾರಿಯೂ ಒಂದೇ ಬಾಗಿಲಿನದು. ಚಿತ್ರ ಬೇಡ, ಮಾತು ಬೇಡ, ಬಯಲಿಗೆ ಬಾ ಎನ್ನುತ್ತದೆ. ಅಲ್ಲಮನನ್ನು ಓದಿದ ಕನ್ನಡಿಗರಿಗೆ ಇದು ಚಟ್ಟನೆ ಹಿಡಿಸೀತು. ಡಿ ಮೆಲ್ಲೊ ಅವರದು ಹಲವು ಬಾಗಿಲುಗಳ ಮನೆ: ಉಸಿರು, ಸದ್ದು, ಕುರ್ಚಿ, ವಿಷ್ಣುಸಹಸ್ರನಾಮದ ಮಾದರಿಯಲ್ಲಿ ಯೇಸುವಿಗೆ ಸಾವಿರ ಹೆಸರು. ಔದಾರ್ಯ ಅವರಲ್ಲಿ ಹೆಚ್ಚು, ಆದರೆ ಒಂದರಿಂದ ಇನ್ನೊಂದಕ್ಕೆ ಹಾರುತ್ತ ಎಲ್ಲಿಯೂ ಆಳಕ್ಕಿಳಿಯದೆ ಉಳಿಯುವ ಅಪಾಯವೂ ಅವರಲ್ಲೇ ಹೆಚ್ಚು.

1987ರ ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ಡಿ ಮೆಲ್ಲೊ ಹಠಾತ್ತನೆ ತೀರಿಕೊಂಡರು. ಆಗ ಅವರಿಗೆ 55. ಹನ್ನೊಂದು ವರ್ಷದ ಬಳಿಕ, 1998ರ ಜೂನ್ 24ರ ತಾರೀಕು ಹೊತ್ತು, ಕಾರ್ಡಿನಲ್ ರಾಟ್ಸಿಂಗರ್ ಸಹಿಯೊಂದಿಗೆ ವ್ಯಾಟಿಕನ್ ಪ್ರಕಟಣೆ ಹೊರಬಂತು. ಮೊದಲಿನ ಬರಹಗಳಲ್ಲಿ ಉಪಯುಕ್ತವಾದದ್ದು ಇದೆ, ಆದರೆ ಹೋಗಹೋಗುತ್ತ ಲೇಖಕರು ಕ್ರೈಸ್ತ ವಿಶ್ವಾಸದ ತಿರುಳಿನಿಂದ ದೂರ ಸರಿದಿದ್ದಾರೆ ಎಂಬುದು ಅದರ ಸಾರ. ಈ ತೀರ್ಪು ಅರ್ಧ ಸರಿ. ನಂತರದ ಚುಟುಕು ಕಥೆಗಳ ಪುಸ್ತಕಗಳಲ್ಲಿ ‘ನೀನು’ ಎಂದು ಕರೆಯಬಹುದಾದ ದೇವರು ತೆಳ್ಳಗಾಗಿ, ತನ್ನನ್ನು ತಾನೇ ಗಮನಿಸುವ ಜಾಣ ಮನಸ್ಸೊಂದೇ ಮುಂದೆ ಬರುವುದು ನಿಜ. ‘ಸಾಧನಾ’ದಲ್ಲಿ ಹಾಗಿಲ್ಲ. ಅಲ್ಲಿ ಅರಿವಿನಿಂದ ಶುರುವಾದದ್ದು ಭಕ್ತಿಗೆ ಬಂದೇ ನಿಲ್ಲುತ್ತದೆ. ಪುಸ್ತಕದ ಅನುಕ್ರಮವೇ ಅದಕ್ಕೆ ಸಾಕ್ಷಿ. ತಮಾಷೆಯೆಂದರೆ, ಇಂದು ‘ಮೈಂಡ್‌ಫುಲ್‌ನೆಸ್’ ಎಂದು ಮಾರಾಟವಾಗುವುದು ಹೆಚ್ಚುಕಡಿಮೆ ಮೊದಲ ಭಾಗ ಮಾತ್ರ. ಉಳಿದ ಎರಡನ್ನು ಕತ್ತರಿಸಿ ಒತ್ತಡ ನಿವಾರಣೆಯ ಕಷಾಯ ಮಾಡಲಾಗಿದೆ.

ಒಳಗಿನ ಪ್ರಾರ್ಥನೆಯನ್ನು ಹೊರಗಿನವರು ತೂಗುವಾಗ ತಕ್ಕಡಿ ಅಲುಗಾಡುವುದಕ್ಕೆ ಮಂಗಳೂರಿನದೇ ಉದಾಹರಣೆ ಇದೆ. 1870ರಲ್ಲಿ ಫ್ರಾನ್ಸಿನಿಂದ ಕಾರ್ಮೆಲ್ ಮಠ ಕಟ್ಟಲು ಹೊರಟ ಸನ್ಯಾಸಿನಿಯರ ತಂಡದಲ್ಲಿ ಮೂವರು ದಾರಿಯಲ್ಲೇ ತೀರಿಕೊಂಡರು. ಬದುಕಿ ಬಂದವರಲ್ಲಿ ಪ್ಯಾಲೆಸ್ತೀನಿನ ಮರಿಯಂ ಬವಾರ್ದಿ ಒಬ್ಬಳು. 1871ರಲ್ಲಿ ಮಂಗಳೂರಿನಲ್ಲೇ ವ್ರತ ತೊಟ್ಟ ಅವಳ ಭಾವಸಮಾಧಿಗಳನ್ನು ಮೇಲಿನವರು ಸಂಶಯದಿಂದ ನೋಡಿದರು, ಮರುವರ್ಷ ಫ್ರಾನ್ಸಿಗೆ ವಾಪಸು ಕಳಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಸಾರಿದರು.

ಕೊನೆಯ ತಕರಾರು ಎಲ್ಲಕ್ಕಿಂತ ದೊಡ್ಡದು. ‘ಸಾಧನಾ’ ಸಮಯ ಉಳ್ಳವರ ಪುಸ್ತಕ. ಐದರ ಲೋಕಲ್ ಹಿಡಿಯುವ, ರಾತ್ರಿ ಪಾತ್ರೆ ತೊಳೆದು ಮಲಗುವ ಹೆಂಗಸು ಅದರ ಓದುಗರ ಕಲ್ಪನೆಯಲ್ಲಿ ಇದ್ದಂತಿಲ್ಲ. ಜೋಗೇಶ್ವರಿ, ಅಂಧೇರಿ, ಮರೋಳದ ಮಂಗಳೂರು ಮೂಲದ ಕ್ರೈಸ್ತ ಮನೆಗಳಲ್ಲಿ ಆ ಹೆಂಗಸಿನ ಪ್ರಾರ್ಥನೆ ತೇರ್ಸ್, ಅಂದರೆ ಜಪಸರ. ಅನ್ನ ಬೇಯುವಾಗ, ಕೊಂಕಣಿಯಲ್ಲಿ, ಅರ್ಧ ಕಣ್ಣು ಒಲೆಯ ಮೇಲೆ. ಅದನ್ನು ಬಾಯಿಪಾಠವೆಂದು ತಳ್ಳಿಹಾಕುವ ವಿದ್ಯಾವಂತ ಧ್ಯಾನಿಗಳು ಕಡಿಮೆಯಿಲ್ಲ. ಆದರೆ ಆವಿಲದ ತೆರೇಸಾ 16ನೇ ಶತಮಾನದಲ್ಲೇ ಒಬ್ಬ ಸನ್ಯಾಸಿನಿಯ ವಿಷಯ ಬರೆದಿದ್ದಾರೆ: ಬಾಯಿಬಿಟ್ಟು ಹೇಳುವ ಪ್ರಾರ್ಥನೆ ಬಿಟ್ಟರೆ ಆಕೆಗೆ ಬೇರೇನೂ ಬರುತ್ತಿರಲಿಲ್ಲ, ಅದರಲ್ಲೇ ಆಕೆ ಧ್ಯಾನದ ತುದಿ ಮುಟ್ಟಿದ್ದಳು. ಡಿ ಮೆಲ್ಲೊ ಕೂಡ ಭಕ್ತಿಯ ಭಾಗದಲ್ಲಿ ಬಾಯಿಮಾತಿನ ಪ್ರಾರ್ಥನೆಗೆ ಗೌರವದ ಜಾಗ ಕೊಟ್ಟಿದ್ದಾರೆ. ಕೊಟ್ಟದ್ದು ತಡವಾಗಿ, ಬಹಳ ಪುಟಗಳು ಕಳೆದ ಮೇಲೆ. ಮೊದಲ ಅಭ್ಯಾಸವೇ ಅದಾಗಿದ್ದರೆ ಈ ಪುಸ್ತಕ ಲೋನಾವಳದಿಂದ ಚಾಳಿನ ಖೋಲಿಗೆ ಇಳಿಯುತ್ತಿತ್ತು.

ಹಾಗಾಗಿ ‘ಸಾಧನಾ’ ಕೈಗೆತ್ತಿಕೊಳ್ಳುವವರು ಅದನ್ನು ಅಚ್ಚಾದ ಕ್ರಮದಲ್ಲೇ ಓದಬೇಕಾಗಿಲ್ಲ. ಬಾಯಿಪ್ರಾರ್ಥನೆಯ ಪುಟಗಳನ್ನು ಮೊದಲು ತೆರೆಯಿರಿ, ಆಮೇಲೆ ಸದ್ದಿನ ಅಭ್ಯಾಸಕ್ಕೆ ಬನ್ನಿ. ಒಂದನ್ನೇ ಹಿಡಿದು ಒಂದಷ್ಟು ತಿಂಗಳು ಮಾಡಿ. ಶವಧ್ಯಾನವನ್ನು, ಜೊತೆಗೆ ಕೂರುವ ಅನುಭವಸ್ಥರು ಸಿಗುವವರೆಗೆ, ಬದಿಗಿಡಿ.