ಯಕ್ಷಿಯ ಅಂಕುಶ, ನಾಯಕಿಯ ಖಡ್ಗ

ಬೆಳ್ಳಿತೆರೆಯ ಮೇಲೆ ಒಬ್ಬಂಟಿಯಾಗಿ ಹತ್ತು ಜನ ದುಷ್ಟರನ್ನು ಎದುರಿಸಿ ನಿಲ್ಲುವ ನಾಯಕಿಯನ್ನು ಕಂಡಾಗ ಪ್ರೇಕ್ಷಕನ ಬಾಯಿಂದ ಸಹಜವಾಗಿ ಹೊರಡುವ ಉದ್ಗಾರ ‘ಸಾಕ್ಷಾತ್ ದುರ್ಗಿ’ ಎಂಬುದು. ಈ ಉದ್ಗಾರವೇ ಈಚಿನ ಚಿತ್ರವಿಮರ್ಶೆಯಲ್ಲಿ ಒಂದು ಸಿದ್ಧಾಂತದ ರೂಪವನ್ನು ತಾಳಿದೆ. ಸಾಹಸಚಿತ್ರಗಳ ನಾಯಕಿ ಹೊಸ ಸೃಷ್ಟಿಯಲ್ಲ, ಆಯುಧ ಹಿಡಿದ ಪ್ರಾಚೀನ ದೇವಿಯೇ ಆಕೆಯ ಪೂರ್ವಜೆ ಎಂಬುದು ಅದರ ಸಾರ. ಮೇಲ್ನೋಟಕ್ಕೆ ಇದು ಒಪ್ಪತಕ್ಕ ಮಾತೇ. ಆದರೆ ‘ಯಾವ ದೇವಿ?’ ಎಂಬ ಪ್ರಶ್ನೆಯನ್ನು ಕೇಳದೆ ಈ ಮಾತನ್ನು ಒಪ್ಪಿದರೆ ದೇವಿಗೂ ಅನ್ಯಾಯವಾಗುತ್ತದೆ, ನಾಯಕಿಗೂ ಅನ್ಯಾಯವಾಗುತ್ತದೆ.

ಸಿದ್ಧಾಂತಕ್ಕೆ ಆಧಾರಗಳಿಗೇನೂ ಕೊರತೆಯಿಲ್ಲ. 1935ರಲ್ಲಿ ತೆರೆಕಂಡ ಹಿಂದಿಯ ‘ಹಂಟರ್‌ವಾಲಿ’ಯಲ್ಲಿ ನಾದಿಯಾ ಚಾಟಿ ಹಿಡಿದು ಕುದುರೆಯೇರಿದಾಗ ಭಾರತೀಯ ಪ್ರೇಕ್ಷಕರು ಅದನ್ನು ವಿಚಿತ್ರವೆಂದು ತಳ್ಳಿಹಾಕಲಿಲ್ಲ. ಕನ್ನಡದಲ್ಲಿ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961) ಬಿ. ಸರೋಜಾದೇವಿಯವರ ಕೈಗೆ ಖಡ್ಗವನ್ನಿತ್ತಿತು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದ ಒಂದು ಹಾಡಿನಲ್ಲಿ ಜಯಂತಿಯವರು ಒನಕೆ ಓಬವ್ವನಾಗಿ ನಿಂತರು. ಮುಂದೆ ಮಾಲಾಶ್ರೀಯವರ ಚಿತ್ರಗಳ ಹೆಸರುಗಳೇ ಸಾಕ್ಷ್ಯ ನುಡಿಯುತ್ತವೆ: ‘ಚಾಮುಂಡಿ’ (2000), ‘ದುರ್ಗಿ’ (2004), ‘ಶಕ್ತಿ’ (2012). ನಿರ್ಮಾಪಕರು ದೇವಿಯ ಹೆಸರನ್ನು ಹುಡುಕಿ ಹೋದದ್ದು ಆಕಸ್ಮಿಕವಲ್ಲ. ಆ ಹೆಸರು ಕೇಳಿದೊಡನೆ ಪ್ರೇಕ್ಷಕನ ಮನಸ್ಸಿನಲ್ಲಿ ಅರ್ಧ ಕಥೆ ಸಿದ್ಧವಾಗಿರುತ್ತದೆ.

ಈ ಪರಿವರ್ತನೆಯ ಹಂತಗಳನ್ನು ಒಬ್ಬನೇ ನಿರ್ದೇಶಕನ ಕೃತಿಗಳಲ್ಲಿ ಗುರುತಿಸಬಹುದು. ತೆಲುಗಿನ ಕೋಡಿ ರಾಮಕೃಷ್ಣ ಅವರ ‘ಅಮ್ಮೋರು’ (1995) ಚಿತ್ರದಲ್ಲಿ ಸೌಂದರ್ಯ ಅವರು ಅಭಿನಯಿಸಿದ ಹೆಣ್ಣು ನೊಂದವಳು, ಮೊರೆಯಿಡುವವಳು. ದುಷ್ಟನನ್ನು ಸಂಹರಿಸಲು ಗ್ರಾಮದೇವತೆಯೇ ಇಳಿದು ಬರಬೇಕು. ಅದೇ ನಿರ್ದೇಶಕರ ‘ಅರುಂಧತಿ’ (2009) ಚಿತ್ರದಲ್ಲಿ ದೇವಿ ಇಳಿದು ಬರುವುದಿಲ್ಲ. ಅನುಷ್ಕಾ ಶೆಟ್ಟಿಯವರ ನಾಯಕಿ ತನ್ನ ಪ್ರಾಣವನ್ನೇ ಅರ್ಪಿಸಿ, ತನ್ನ ಅಸ್ಥಿಯಿಂದ ಆಯುಧವಾಗುವಂತೆ ಮಾಡಿ, ಮರುಹುಟ್ಟಿನಲ್ಲಿ ಅದರಿಂದಲೇ ವೈರಿಯನ್ನು ಕೊಲ್ಲುತ್ತಾಳೆ. ಹದಿನಾಲ್ಕು ವರ್ಷಗಳ ಅಂತರದಲ್ಲಿ ದೇವಿಯ ಸ್ಥಾನಕ್ಕೆ ಹೆಣ್ಣು ಬಂದು ನಿಂತಿದ್ದಾಳೆ. ಆದರೆ ಕಥೆಯ ಕೊನೆ ಮಾತ್ರ ಬದಲಾಗಿಲ್ಲ. ಅದು ಸಂಹಾರವೇ ಆಗಿದೆ.

ಇಲ್ಲಿಯೇ ವಿಮರ್ಶೆ ನಿಂತು ಯೋಚಿಸಬೇಕು. ಶಿವಮೊಗ್ಗ ತಾಲೂಕಿನ ಹೊಳಲೂರಿನಂತಹ ಊರಿನಲ್ಲಿ ಬೆಳೆಯುವ ಮಗುವಿನ ಕಣ್ಣಮುಂದೆ ದೇವಿಯ ಒಂದೇ ರೂಪವಿಲ್ಲ. ಒಂದೆಡೆ ಮಾರಿಯ ಜಾತ್ರೆ. ಶಿವಮೊಗ್ಗದ ಕೋಟೆ ಮಾರಿಕಾಂಬೆಗೆ ಎರಡು ವರ್ಷಕ್ಕೊಮ್ಮೆ ಉತ್ಸವ ನಡೆಯುತ್ತದೆ. ಗಂಡನಿಂದ ವಂಚಿತಳಾದ ಹೆಣ್ಣೊಬ್ಬಳ ಕ್ರೋಧವೇ ದೇವತೆಯಾಯಿತೆಂದು ಮಾರಿಯ ಜನಪದ ಕಥೆ ಹೇಳುತ್ತದೆ. ಸೇಡಿನ ಚಿತ್ರಗಳ ಮೂಲ ಬೀಜ ಈ ಕಥೆಯಲ್ಲಿದೆಯೆಂದರೆ ತಪ್ಪಾಗದು. ಇನ್ನೊಂದೆಡೆ, ಇದೇ ಜಿಲ್ಲೆಯ ಹೊಸನಗರ ತಾಲೂಕಿನ ಹೊಂಬುಜದಲ್ಲಿ ಪದ್ಮಾವತಿ ಅಮ್ಮನವರ ಸನ್ನಿಧಿ. ಭದ್ರಾವತಿಯ ಆಚೆ ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ನೆಲೆ. ಈ ಇಬ್ಬರು ಯಕ್ಷಿಯರೂ ಆಯುಧಧಾರಿಗಳೇ. ಆದರೂ ಇವರ ಕಥೆಗಳು ಸಂಹಾರದತ್ತ ಸಾಗುವುದಿಲ್ಲ. ಚಿತ್ರವಿಮರ್ಶೆಯ ಸಿದ್ಧಾಂತಕ್ಕೆ ಇವರ ನೆನಪೇ ಇಲ್ಲ.

ಪದ್ಮಾವತಿಯ ಕೈಗಳಲ್ಲಿ ಏನಿದೆಯೆಂಬುದನ್ನು ನೋಡಬೇಕು. ಹನ್ನೊಂದನೆಯ ಶತಮಾನದ ಮಲ್ಲಿಷೇಣಸೂರಿಯ ‘ಭೈರವ ಪದ್ಮಾವತೀ ಕಲ್ಪ’ ಹೇಳುವ ಲಕ್ಷಣದಂತೆ ಪಾಶ, ಅಂಕುಶ, ಫಲ ಮತ್ತು ವರದಮುದ್ರೆ. ಪಾಶವು ಕಟ್ಟುವ ಸಾಧನ, ಅಂಕುಶವು ಮದಿಸಿದ ಆನೆಯನ್ನು ದಾರಿಗೆ ತರುವ ಸಾಧನ. ಎರಡೂ ತಡೆಯುವ ಆಯುಧಗಳು, ಕೊಲ್ಲುವ ಆಯುಧಗಳಲ್ಲ. ಪಾರ್ಶ್ವನಾಥ ಸ್ವಾಮಿಯ ಉಪಸರ್ಗದ ಕಥೆಯಲ್ಲಿಯೂ ಇದೇ ನೀತಿ ಕಾಣುತ್ತದೆ. ಜನ್ಮಾಂತರದ ವೈರಿಯಾದ ಕಮಠನ ಜೀವ ಮಳೆ, ಗಾಳಿ, ಬಂಡೆಗಳಿಂದ ಧ್ಯಾನಸ್ಥನನ್ನು ಪೀಡಿಸಿದಾಗ ಧರಣೇಂದ್ರನು ಹೆಡೆಯನ್ನೆತ್ತಿದನು, ಪದ್ಮಾವತಿಯು ಛತ್ರವನ್ನು ಹಿಡಿದಳು. ವೈರಿಯ ತಲೆ ಉರುಳಲಿಲ್ಲ. ತನ್ನ ಬಲವೆಲ್ಲ ವ್ಯರ್ಥವಾದುದನ್ನು ಕಂಡು ಅವನೇ ನಾಚಿ ಶರಣಾದನು. ಚಲನಚಿತ್ರದ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಅಂತಿಮ ಹೋರಾಟದ ದೃಶ್ಯವೇನೋ ಇದೆ, ಆದರೆ ಖಳನಾಯಕನ ಸಾವು ಇಲ್ಲ. ಕಥೆಯ ಪರಮಾವಧಿಯಿರುವುದು ಅವನ ಪರಿವರ್ತನೆಯಲ್ಲಿ.

ಜ್ವಾಲಾಮಾಲಿನಿಯ ಪರಂಪರೆಯೂ ಇದಕ್ಕೆ ಹೊರತಲ್ಲ. ಇಂದ್ರನಂದಿಯು 939ರಲ್ಲಿ ಮಾನ್ಯಖೇಟದಲ್ಲಿ ರಚಿಸಿದ ‘ಜ್ವಾಲಿನೀ ಕಲ್ಪ’ದ ಹಿನ್ನೆಲೆಯ ಕಥೆಯಲ್ಲಿ ಹೇಲಾಚಾರ್ಯರು ಈ ದೇವಿಯನ್ನು ಆರಾಧಿಸಿದ್ದು ಬ್ರಹ್ಮರಾಕ್ಷಸನ ಬಾಧೆಗೆ ಸಿಲುಕಿದ ಶಿಷ್ಯೆ ಕಮಲಶ್ರೀಯನ್ನು ಬಿಡಿಸುವುದಕ್ಕಾಗಿ. ಎಂಟು ತೋಳುಗಳ, ಜ್ವಾಲೆಯಿಂದ ಆವೃತಳಾದ ದೇವಿಯ ಶಕ್ತಿ ಪ್ರಕಟವಾದದ್ದು ಒಬ್ಬ ಹೆಣ್ಣಿನ ಬಿಡುಗಡೆಯಲ್ಲಿ. ಶ್ರವಣಬೆಳಗೊಳದಲ್ಲಿ ಕೂಷ್ಮಾಂಡಿನಿಯು ಗುಳ್ಳಕಾಯಜ್ಜಿಯಾಗಿ ಬಂದು ಚಾವುಂಡರಾಯನಂತಹ ವೀರನ ಅಹಂಕಾರವನ್ನು ಇಳಿಸಿದ್ದು ಒಂದು ಗುಳ್ಳದ ತುಂಬ ಹಾಲಿನಿಂದ.

ಇದನ್ನು ಕೇಳಿ, ಜೈನ ಪರಂಪರೆ ಹೆಣ್ಣಿಗೆ ಸಹನೆಯನ್ನು ಮಾತ್ರ ಕಲಿಸಿತು ಎಂದು ಯಾರಾದರೂ ಆಕ್ಷೇಪಿಸಿದರೆ, ಶಾಸನಗಳು ಅದಕ್ಕೆ ಉತ್ತರ ಹೇಳುತ್ತವೆ. ಶ್ರವಣಬೆಳಗೊಳದ ವೀರಗಲ್ಲೊಂದರಲ್ಲಿ ಸಾವಿಯಬ್ಬೆ ಎಂಬ ಶ್ರಾವಕಿ ಕುದುರೆಯೇರಿ, ಕತ್ತಿಯೆತ್ತಿ, ಆನೆಯ ಮೇಲಿನ ವೈರಿಗೆ ಎದುರಾಗಿದ್ದಾಳೆ. ಪತಿಯೊಡನೆ ಬಗೆಯೂರಿನ ಕಾಳಗಕ್ಕೆ ಹೋಗಿ ಮಡಿದವಳು ಆಕೆ. ಹತ್ತನೆಯ ಶತಮಾನದ ಆದಿಭಾಗದಲ್ಲಿ ನಾಗರಖಂಡ ಎಪ್ಪತ್ತನ್ನು ಪತಿಯ ಮರಣಾನಂತರ ಆಳಿದ ಜಕ್ಕಿಯಬ್ಬೆ, ದೇಹ ಕ್ಷೀಣಿಸಿದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದಳು. ಹೊಂಬುಜದಲ್ಲಿ ಚಟ್ಟಲದೇವಿ ತಂಗಿಯ ಅನಾಥ ಮಕ್ಕಳನ್ನು ಸಾಕಿ ಬೆಳೆಸಿ, 1077ರಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಹದಿನಾರನೆಯ ಶತಮಾನದಲ್ಲಿ ಉಳ್ಳಾಲದ ಅಬ್ಬಕ್ಕ ಪೋರ್ಚುಗೀಸರ ನೌಕಾಬಲಕ್ಕೆ ಎದುರು ನಿಂತಳು. ಗೇರುಸೊಪ್ಪೆಯ ಚೆನ್ನಭೈರಾದೇವಿ ಐವತ್ತು ವರ್ಷಕ್ಕೂ ಮಿಕ್ಕಿ ರಾಜ್ಯವಾಳಿದಳು. ನಾಯಕಿಯ ಪೂರ್ವಜೆಯರನ್ನು ಹುಡುಕುವವರು ದೇವಲೋಕಕ್ಕೆ ಏರುವ ಮೊದಲು ಈ ಕಲ್ಲುಗಳ ಮುಂದೆ ನಿಲ್ಲುವುದು ಒಳ್ಳೆಯದು.

ಶ್ರಾವಕಾಚಾರವು ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಮೇಲೆರಗಿ ಬಂದವನನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನೆಂದು ಅದು ಒಪ್ಪುತ್ತದೆ. ಕೊಲ್ಲಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಿ ಮಾಡುವ ಸಂಕಲ್ಪೀ ಹಿಂಸೆಯನ್ನು ಮಾತ್ರ ಒಪ್ಪುವುದಿಲ್ಲ. ಸಾಹಸಚಿತ್ರಗಳನ್ನು ಅಳೆಯಲು ಇದಕ್ಕಿಂತ ಸೂಕ್ಷ್ಮವಾದ ಅಳತೆಗೋಲು ಸಿಗುವುದು ಕಷ್ಟ. ಊಟಕ್ಕೆ ಕುಳಿತ ಗಂಡನನ್ನು ಎಬ್ಬಿಸದೆ ಕೋಟೆಯ ಕಿಂಡಿಗೆ ಅಡ್ಡನಿಂತ ಓಬವ್ವ, ಕಂಪನಿ ಸರಕಾರದ ಸೈನ್ಯವನ್ನು ಎದುರಿಸಿದ ಚೆನ್ನಮ್ಮ, ಇಬ್ಬರೂ ಮೊದಲನೆಯ ಕಕ್ಷೆಗೆ ಸೇರಿದವರು. ಅವರ ಕೈಯ ಆಯುಧಕ್ಕೆ ಬೆನ್ನ ಹಿಂದೆ ಕಾಯಬೇಕಾದ ಊರೊಂದಿದೆ. ಜನ್ಮಾಂತರಕ್ಕೂ ವೈರವನ್ನು ಹೊತ್ತು ತರುವ ‘ಅರುಂಧತಿ’ಯ ಕಥೆಯಾದರೋ ಎರಡನೆಯದಕ್ಕೆ ಜಾರುತ್ತದೆ. ಕಮಠನೂ ಜನ್ಮಾಂತರದ ವೈರವನ್ನು ಹೊತ್ತು ತಂದವನೇ. ನಮ್ಮ ಪುರಾಣದಲ್ಲಿ ಆ ಗುಣ ವೈರಿಯದಾದರೆ, ಚಿತ್ರದಲ್ಲಿ ಅದು ನಾಯಕಿಯದಾಗಿದೆ. ಈ ಅದಲುಬದಲನ್ನು ‘ದೇವಿಯ ಪುನರವತಾರ’ವೆಂದು ಕರೆಯುವುದು ಎಷ್ಟು ಸರಿ?

‘ಚಿತ್ರದಲ್ಲಿ ಹರಿಯುವುದು ಬಣ್ಣದ ನೀರು, ಅಲ್ಲಿ ಯಾರೂ ಸಾಯುವುದಿಲ್ಲ’ ಎಂಬ ಸಮಾಧಾನ ಉಂಟು. ಇದಕ್ಕೆ ಕನ್ನಡದ ಜೈನ ಕವಿ 1209ರಲ್ಲಿಯೇ ಉತ್ತರ ಕೊಟ್ಟಿದ್ದಾನೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರನು ದೇವಿಗೆ ಬಲಿಕೊಟ್ಟದ್ದು ಹಿಟ್ಟಿನ ಕೋಳಿ. ರಕ್ತ ಹರಿಯಲಿಲ್ಲ, ಆದರೂ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ಅಲೆದರು. ಸಂಕಲ್ಪವೇ ಹಿಂಸೆಯ ಬೇರು ಎಂಬುದು ಕಾವ್ಯದ ತಿರುಳು. ನೋಡುವವನು ಕೊಂದವನಲ್ಲ, ನಿಜ. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದ ಕರ್ಮ ಒಳಬರುವುದಷ್ಟೆ? ಖಳನ ಕೊರಳಿಗೆ ಕತ್ತಿ ಬಿದ್ದಾಗ ಚಿತ್ರಮಂದಿರದಲ್ಲಿ ಏಳುವ ಸಿಳ್ಳೆಯನ್ನು ಮೂರನೆಯ ಬಾಗಿಲಲ್ಲಿ ಇಟ್ಟು ನೋಡಬೇಕು. ಅದೇ ಕಾವ್ಯದ ಕೊನೆಯಲ್ಲಿ ಬಲಿ ಬೇಡುತ್ತಿದ್ದ ಚಂಡಮಾರಿಯೇ ಹಿಂಸೆಯನ್ನು ತೊರೆಯುತ್ತಾಳೆ. ದೇವಿಯೂ ಬದಲಾಗಬಲ್ಲಳೆಂದು ಎಂಟುನೂರು ವರ್ಷಗಳ ಹಿಂದೆ ಊಹಿಸಿದ ನಾಡಿನಲ್ಲಿ, ಚಿತ್ರಕಥೆಗಾರರ ಊಹೆ ಇಷ್ಟು ಬಡವಾಗಬೇಕಾಗಿರಲಿಲ್ಲ.

ಹಾಗೆಂದು ಈ ಚಿತ್ರಗಳನ್ನು ಸಾರಾಸಗಟಾಗಿ ತಿರಸ್ಕರಿಸುವುದೂ ವಿವೇಕವಲ್ಲ. ದಾರಿಯಲ್ಲಿ ಒಬ್ಬಳೇ ನಡೆಯಲು ಅಂಜುವ ಹುಡುಗಿಗೆ ತೆರೆಯ ಮೇಲಿನ ಅಂಜದ ಹೆಣ್ಣು ಒಂದು ಕ್ಷಣದ ಅಭಯವನ್ನಾದರೂ ಕೊಡುತ್ತಾಳೆ. ಅಭಯವು ಆಹಾರ, ಔಷಧ, ಶಾಸ್ತ್ರಗಳ ಸಾಲಿನಲ್ಲಿ ನಿಲ್ಲುವ ಮಹಾದಾನ. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತ ಕೆಳದಿಯ ಚೆನ್ನಮ್ಮನನ್ನು ಮಲೆನಾಡು ಇಂದಿಗೂ ನೆನೆಯುವುದು ಈ ಗುಣಕ್ಕಾಗಿಯೇ. ಚೆನ್ನಮ್ಮನದು ಬೇರೆ ಮತ, ಆದರೆ ಆಕೆಯ ನಡತೆ ಯಾವ ಶ್ರಾವಕಿಯೂ ಮೆಚ್ಚತಕ್ಕದ್ದು. ಸಾಹಸಚಿತ್ರಗಳ ಕೊರತೆಯೆಂದರೆ ನಾಯಕಿಗೆ ಕ್ರೋಧ ಬಂದಾಗ ಮಾತ್ರ ಅವು ಆಕೆಯನ್ನು ದೇವಿಯೆನ್ನುತ್ತವೆ. ಆಳುವಾಗ, ಕಾಯುವಾಗ, ಶರಣು ಬಂದವನನ್ನು ಕ್ಷಮಿಸುವಾಗ ಎನ್ನುವುದಿಲ್ಲ.

ಆದುದರಿಂದ ದೇವಿಯೇ ನಾಯಕಿಯ ಪೂರ್ವಜೆಯೆಂಬ ಸಿದ್ಧಾಂತ ಅರ್ಧಸತ್ಯ. ಚಿತ್ರರಂಗವು ದೇವಿಯಿಂದ ಖಡ್ಗವನ್ನು ಪಡೆದುಕೊಂಡು ಛತ್ರವನ್ನು ಅಲ್ಲಿಯೇ ಬಿಟ್ಟುಬಂದಿದೆ. ಉಳಿದ ಅರ್ಧವನ್ನು ಹೇಳುವ ಹೊಣೆ ಬಸದಿಗಳನ್ನು ನಡೆಸುವವರ ಮೇಲೂ ಮನೆಯ ಹಿರಿಯರ ಮೇಲೂ ಇದೆ. ಮಕ್ಕಳು ‘ದುರ್ಗಿ’ಯನ್ನು ನೋಡಿ ಬಂದರೆ ಗದರಿಸಬೇಕಾಗಿಲ್ಲ. ಹೊಂಬುಜದ ಯಾತ್ರೆಯಲ್ಲಿ ಅಮ್ಮನವರ ಮುಂದೆ ಕೈಮುಗಿದು ಹಿಂದಿರುಗುವ ಮೊದಲು, ಆ ಕೈಯಲ್ಲಿ ಅಂಕುಶವೇಕೆ ಇದೆ, ಕಮಠನು ಏಕೆ ಉಳಿದನು ಎಂಬುದನ್ನು ಮಗಳಿಗೆ ಹೇಳಿದರೆ ಸಾಕು. ಹೆದರದೆ ನಿಲ್ಲುವುದನ್ನು ಆಕೆ ಎಲ್ಲಿಯಾದರೂ ಕಲಿಯಲಿ. ಗೆದ್ದ ಮೇಲೆ ಕೈ ತಡೆಯುವುದನ್ನು ಮಾತ್ರ ಮನೆಯಲ್ಲಿಯೇ ಕಲಿಯಬೇಕಾಗಿದೆ.