‘ಕ್ಷೇಮ’ ಎಂದು ಬರೆದ ಇನ್‌ಲ್ಯಾಂಡ್‌ಗಳು

ಇಂಡಿ ಸೀಮೆಯ ಸಾಹಿತ್ಯ ಎಂದೊಡನೆ ನೆನಪಾಗುವವರು ಹಲಸಂಗಿ ಗೆಳೆಯರು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಹಳ್ಳಿಯಲ್ಲೇ ಇದ್ದು 1931ರಲ್ಲಿ ‘ಗರತಿಯ ಹಾಡು’ ತಂದರು. ಊರು ಬಿಟ್ಟು ಧಾರವಾಡಕ್ಕೆ ಓದಲು ಹೋದವರಲ್ಲಿ ಸಿಂದಗಿ ತಾಲ್ಲೂಕಿನ ಎಂ.ಎಂ. ಕಲಬುರ್ಗಿ, ಇಂಡಿ ತಾಲ್ಲೂಕಿನ ಗುರುಲಿಂಗ ಕಾಪಸೆ ಅವರಂಥವರು ವಿದ್ವಾಂಸರಾದರು. ಉಳಿದವರು ಬರೆದದ್ದು ಮನೆಗೆ ಕಾಗದ ಮಾತ್ರ. ಅವನ್ನು ನಾವು ಸಾಹಿತ್ಯವೆಂದು ಓದಿಲ್ಲ. ಹೆಚ್ಚೆಂದರೆ ‘ಆಕರ’ ಎನ್ನುತ್ತೇವೆ, ಅಂದರೆ ಅಡಿಟಿಪ್ಪಣಿಗೆ ಸಾಕು ಎಂದರ್ಥ.

ನಮ್ಮ ದೊಡ್ಡಪ್ಪ ಸಿಂದಗಿ ಕಡೆಯ ಹಳ್ಳಿಯಿಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋದವರು. ಬಸ್ಸಿನಲ್ಲಿ ಬಿಜಾಪುರ, ಅಲ್ಲಿಂದ ಮೀಟರ್ ಗೇಜ್ ರೈಲಿನಲ್ಲಿ ಗದಗ, ಮತ್ತೆ ಗಾಡಿ ಬದಲಿಸಿ ಧಾರವಾಡ. ಅವರು ಬರೆದ 41 ಇನ್‌ಲ್ಯಾಂಡ್ ಪತ್ರಗಳು ಆಯಿಯ ಟ್ರಂಕಿನಲ್ಲಿ ಸಿಕ್ಕವು. ಮನೆಯಿಂದ ಹೋದ ಉತ್ತರಗಳು ಒಂದೂ ಉಳಿದಿಲ್ಲ. ಹಾಸ್ಟೆಲ್ ಹುಡುಗರು ಕಾಗದ ಜೋಪಾನ ಮಾಡುತ್ತಾರೆಯೇ?

ಬಹಳಷ್ಟು ಪತ್ರಗಳು ಬೇಸರ ತರಿಸುತ್ತವೆ, ಹೇಳಿಬಿಡುತ್ತೇನೆ. ಕ್ಯಾಂಪಸ್ಸಿನ ಗುಡ್ಡ, ಕಟ್ಟಡಗಳ ವರ್ಣನೆಯಂತೂ ಪರೀಕ್ಷೆಗೆ ಬರೆದ ಪ್ರಬಂಧದ ಹಾಗಿದೆ. ‘ತೀರ್ಥರೂಪ ಅಪ್ಪಾ ಅವರಿಗೆ ಶಿರಸಾಷ್ಟಾಂಗ ನಮಸ್ಕಾರ ವಿನಂತಿ ವಿಶೇಷ’ ಎಂದು ಶುರುವಾದರೆ ಕೊನೆಯವರೆಗೂ ಗ್ರಾಂಥಿಕ ಭಾಷೆಯೇ. ಆದರೆ ಅಂಚಿನಲ್ಲಿ ಒಂದು ಸಾಲು ಬೇರೆ ಕನ್ನಡದಲ್ಲಿರುತ್ತದೆ: ‘ಅವ್ವಗ ಓದಿ ಹೇಳ್ರಿ.’ ಆಯಿಗೆ ಓದು ಬರುತ್ತಿರಲಿಲ್ಲ. ಸಾಲಿ ಮಾಸ್ತರರು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು, ಓಣಿಯ ನಾಲ್ಕು ಮಂದಿ ಕೇಳುತ್ತಿದ್ದರು. ಈ ಪತ್ರಗಳ ರೂಪ ನಿರ್ಧಾರವಾದದ್ದು ಅಲ್ಲಿ. ಓಣಿಯ ಮುಂದೆ ಓದುವ ಕಾಗದದಲ್ಲಿ ಹಸಿವಿದೆ ಎಂದು ಹೇಗೆ ಬರೆಯುವುದು?

1972ರ ಬರಗಾಲದ ಪತ್ರಗಳಿಗೆ ಬಂದಾಗ ನಾನು ತಡೆದು ಓದಿದೆ. ಒಂದರಲ್ಲಿ ಎತ್ತು ಮಾರಿದ ಸುದ್ದಿ ತಿಳಿಯಿತು ಎಂದಿದೆ. ಅದರ ಮೇಲೆ ಮತ್ತೊಂದು ಮಾತಿಲ್ಲ. ಮುಂದಿನದರಲ್ಲಿ, ರಾತ್ರಿ ಉಂಡರೆ ನಿದ್ದೆ ಬಂದು ಅಭ್ಯಾಸ ಕೆಡುತ್ತದೆ, ಹಾಗಾಗಿ ರಾತ್ರಿ ಊಟ ಬಿಟ್ಟಿದ್ದೇನೆ, ಈ ತಿಂಗಳು ಮೆಸ್ಸಿನ ದುಡ್ಡು ಕಡಿಮೆ ಕಳಿಸಿದರೂ ನಡೆದೀತು ಎಂದಿದೆ. ಅದರ ಮುಂದಿನ ಪತ್ರ ಎರಡೇ ಸಾಲು: ಬುತ್ತಿ ಮುಟ್ಟಿತು, ಕಳಿಸುವ ಜರೂರು ಇರಲಿಲ್ಲ. ಮಾಸ್ತರರು ಓದಿದ್ದನ್ನು ಓಣಿಯೆಲ್ಲ ಅಭ್ಯಾಸದ ಹುರುಪು ಎಂದು ಕೇಳಿರಬೇಕು. ಆಯಿ ಬೇರೆಯದನ್ನು ಕೇಳಿಸಿಕೊಂಡಿದ್ದಳು. ಆ ವರ್ಷ ರೊಟ್ಟಿಗೆ ಜೋಳ ಎಲ್ಲಿಂದ ತಂದಳೋ, ಯಾವ ಕಾಗದದಲ್ಲೂ ಇಲ್ಲ.

ಇದನ್ನು ಆಕರ ಎಂದು ಓದಿದರೆ ಸಿಗುವುದು ‘ವಿದ್ಯಾರ್ಥಿ ಒಪ್ಪೊತ್ತು ಉಣ್ಣುತ್ತಿದ್ದ’ ಎಂಬ ಮಾಹಿತಿ. ಒಂದೇ ವಾಕ್ಯವನ್ನು ಓಣಿಗೆ ಒಂದು, ಅವ್ವನಿಗೆ ಇನ್ನೊಂದು ಅರ್ಥದಲ್ಲಿ ತಲುಪಿಸಿದ ಬರವಣಿಗೆ ಸಿಗುವುದಿಲ್ಲ. ಅವರು ಹಾಗೆ ಬೇಕೆಂದೇ ಬರೆದರೆಂದು ನಾನು ವಾದಿಸುವುದಿಲ್ಲ. ಓದುವವರ ಮನೆಯೇ ಅದನ್ನು ಹಾಗೆ ಬರೆಸಿತು.

ದೊಡ್ಡಪ್ಪನಿಗೆ ತೋರಿಸಿದಾಗ ನಕ್ಕರು. ‘ಅದರಾಗ ಖರೇ ಮಾತು ಒಂದೂ ಇಲ್ಲವಾ, ಏನ್ ಓದ್ತಿ ಬಿಡು’ ಎಂದರು. ಬುತ್ತಿಯ ಪತ್ರವನ್ನು ಮಾತ್ರ ಕೈಗೆ ತಗೊಂಡು ಕನ್ನಡಕ ಹಾಕಿಕೊಂಡರು. ‘ಅವತ್ತ ರೂಮಿನ್ಯಾಗ ಆರು ಮಂದಿ ಇದ್ವಿ. ನನ್ನ ಪಾಲಿಗೆ ಒಂದೂವರಿ ರೊಟ್ಟಿ ಬಂತು. ಅದನ್ನ ಬರದಿಲ್ಲ ನೋಡು.’