70ರಿಂದ 550: ಮುಕ್ತಿಯ ಉಜ್ಜೀವನವನ್ನು ಹೇಗೆ ಓದಬೇಕು?

ಕ್ರೈಸ್ತ ಸಭೆಗಳಲ್ಲಿ ‘ಉಜ್ಜೀವನ’ ಅನ್ನೋ ಪದ ಆಗಾಗ ಕೇಳಿಬರುತ್ತೆ. ಈ ಪದ ಹೊಸದಾಗಿರುವವರಿಗೆ ಹೇಳೋದಾದರೆ, ತಣ್ಣಗಾಗಿದ್ದ ಭಕ್ತಿ ಒಂದು ಸಮುದಾಯದಲ್ಲಿ ಮತ್ತೆ ಜೀವ ಪಡೆಯುವುದು, ರಿವೈವಲ್. ಅದು ಹೇಗೆ ಬರುತ್ತೆ ಅಂತ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಕೆಲವರು ಪಟ್ಟುಹಿಡಿದು ಪ್ರಾರ್ಥಿಸಿದರು, ಆಮೇಲೆ ಬೆಂಕಿ ಇಳಿಯಿತು. ಈ ಉತ್ತರಕ್ಕೆ ಭಾರತದಿಂದ ಕೊಡುವ ದೊಡ್ಡ ಸಾಕ್ಷಿ ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಮಿಷನ್, 1905. ಆ ಕತೆ ನಿಜ. ಆದರೆ ನಾವು ಅದನ್ನು ಹೇಳುವ ರೀತಿ ಸರಿಯಿಲ್ಲ ಅನ್ನೋದು ನನ್ನ ವಾದ.

ಮೊದಲು ಕತೆ ನೋಡೋಣ. ಮುಕ್ತಿಯನ್ನು ಕಟ್ಟಿದವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ ಪಂಡಿತರು. 1870ರ ದಶಕದ ಬರಗಾಲದಲ್ಲಿ ರಮಾಬಾಯಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಹಾಗಾಗಿ 1896ರ ನಂತರದ ಬರಗಾಲಗಳಲ್ಲಿ ಅನಾಥರಾದ ಹೆಣ್ಣುಮಕ್ಕಳನ್ನು, ವಿಧವೆಯರನ್ನು ಅವರು ಮುಕ್ತಿಗೆ ಕರೆತಂದಾಗ, ಹಸಿವು ಅವರಿಗೆ ಪುಸ್ತಕದಲ್ಲಿ ಓದಿದ ವಿಷಯವಾಗಿರಲಿಲ್ಲ.

1905ರ ಜನವರಿಯಲ್ಲಿ ರಮಾಬಾಯಿ ಆ ಹುಡುಗಿಯರ ಮುಂದೆ ಉಜ್ಜೀವನದ ಮಾತೆತ್ತಿದರು. ದಿನಾ ನನ್ನ ಜೊತೆ ಪ್ರಾರ್ಥಿಸೋಕೆ ಯಾರು ಬರ್ತೀರಿ ಅಂತ ಕೇಳಿದರು. 70 ಮಂದಿ ಮುಂದೆ ಬಂದರು. ಜೂನ್ ಹೊತ್ತಿಗೆ ದಿನಕ್ಕೆ ಎರಡು ಸಲ ಸೇರುವವರ ಸಂಖ್ಯೆ 550. ಜೂನ್ ಕೊನೆಯಲ್ಲಿ ಅಳು, ಪಾಪನಿವೇದನೆ, ಎಲ್ಲರೂ ಒಟ್ಟಿಗೆ ದನಿಯೆತ್ತಿ ಮಾಡುವ ಪ್ರಾರ್ಥನೆ ಶುರುವಾಯಿತು. ಪಾಠಗಳು ನಿಂತವು. ಆಮೇಲೆ ಹುಡುಗಿಯರು ಗುಂಪು ಗುಂಪಾಗಿ ಸುತ್ತಲ ಹಳ್ಳಿಗಳಿಗೆ ಸುವಾರ್ತೆ ಸಾರೋಕೆ ಹೊರಟರು.

ಈ ಕತೆ ಹೇಳುವವರು 550 ಅನ್ನೋ ಸಂಖ್ಯೆಯನ್ನು ಕಾರಣದ ಕಡೆ ಇಡ್ತಾರೆ. ಇಷ್ಟು ಜನ ಪ್ರಾರ್ಥಿಸಿದರು, ಆದ್ದರಿಂದ ಉಜ್ಜೀವನ ಬಂತು. ನನ್ನ ಕೆಲಸ ಡೇಟಾ ಸೈನ್ಸ್. ಆ ಕಣ್ಣಿಂದ ನೋಡಿದರೆ ಇಲ್ಲಿ ಎರಡು ತೊಂದರೆ ಕಾಣುತ್ತೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದ್ದೇ. ಪ್ರಾರ್ಥಿಸಿಯೂ ಏನೂ ಆಗದ ಊರುಗಳ ಬಗ್ಗೆ ಯಾರೂ ಪುಸ್ತಕ ಬರೆಯಲ್ಲ. ಗೆದ್ದವರನ್ನಷ್ಟೇ ಎಣಿಸಿ ನಿಯಮ ಮಾಡೋಕಾಗಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ. 70 ಇದ್ದದ್ದು 550 ಆದದ್ದು ಉಜ್ಜೀವನಕ್ಕೆ ಮುಂಚೆ ನಡೆದ ತಯಾರಿ ಅಂತ ಯಾಕೆ ಅಂದುಕೊಳ್ಳಬೇಕು? ಅದೇ ಉಜ್ಜೀವನ ಅಲ್ವಾ? ಆರು ತಿಂಗಳಲ್ಲಿ 480 ಹುಡುಗಿಯರು, ಬಾ ಅಂತ ಒತ್ತಾಯಿಸದೆ, ಒಬ್ಬೊಬ್ಬರಾಗಿ ಬಂದು ಕೂತರು. ಬರಗಾಲದಿಂದ ಬದುಕಿ ಬಂದ ಹುಡುಗಿ, ಮನೆಯವರಿಗೇ ಬೇಡವಾದ ವಿಧವೆ, ದಿನಾ ಎರಡು ಹೊತ್ತು ಬಾಯಿಬಿಟ್ಟು ತನ್ನ ಮಾತು ಹೇಳೋದು, ಅದನ್ನು ಪಕ್ಕದವಳು ಕೇಳೋದು ಸಣ್ಣ ಬದಲಾವಣೆಯಲ್ಲ. ಜೂನ್‌ನಲ್ಲಿ ಹೊರಗಿನವರ ಕಣ್ಣಿಗೆ ಬಿದ್ದದ್ದು ಜನವರಿಯಲ್ಲೇ ಶುರುವಾಗಿತ್ತು. ಪ್ರಾರ್ಥನೆ ಕಿಡಿ, ಉಜ್ಜೀವನ ಬೆಂಕಿ ಅಂತ ಎರಡು ಮಾಡಿದರೆ ಈ ಆರು ತಿಂಗಳು ನಮಗೆ ಕಾಣೋದೇ ಇಲ್ಲ.

ಇನ್ನೂ ಒಂದು ವಿಷಯ ಈ ಸೂತ್ರದಲ್ಲಿ ಕಳೆದುಹೋಗುತ್ತೆ, ಸುದ್ದಿಯ ಪಾತ್ರ. 1902ರಲ್ಲಿ ಮೆಲ್ಬರ್ನ್‌ನಲ್ಲಿ ಆರ್.ಎ. ಟಾರೀ ನಡೆಸಿದ ಸಭೆಗಳ ಹಿಂದೆ ಮನೆ ಮನೆಯ ಪ್ರಾರ್ಥನಾ ಗುಂಪುಗಳಿದ್ದವು. ಅದನ್ನು ಕೇಳಿದ ರಮಾಬಾಯಿ ಮಗಳು ಮನೋರಮಾ ಮತ್ತು ಅಮೆರಿಕದ ಸಹೋದ್ಯೋಗಿ ಮಿನ್ನಿ ಏಬ್ರಮ್ಸ್ ಅವರನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದರು. ಆಮೇಲೆ ವೇಲ್ಸ್‌ನ 1904ರ ಉಜ್ಜೀವನದ ಸುದ್ದಿ ಬಂತು. ವೇಲ್ಸ್‌ನ ಮಿಷನರಿಗಳಿದ್ದ ಖಾಸಿ ಬೆಟ್ಟಗಳಲ್ಲೂ 1905ರಲ್ಲಿ ಅದೇ ಆಯಿತು. ಮುಕ್ತಿಯಿಂದ ಅದು ಮುಂದಕ್ಕೂ ಹೋಯಿತು. ಏಬ್ರಮ್ಸ್ 1906ರಲ್ಲಿ ಒಂದು ಪುಸ್ತಿಕೆ ಬರೆದು, ಚಿಲಿ ದೇಶದ ವಾಲ್ಪರೈಸೋದಲ್ಲಿದ್ದ ಹಳೇ ಸಹಪಾಠಿ ಮೇ ಹೂವರ್ ಅವರಿಗೆ ಕಳಿಸಿದರು. ಹೂವರ್ ದಂಪತಿಯ ಮೆಥಡಿಸ್ಟ್ ಸಭೆಯಲ್ಲಿ 1909ರಲ್ಲಿ ಉಜ್ಜೀವನವಾಯಿತು. ಚಿಲಿಯ ಪೆಂಟೆಕೋಸ್ಟಲ್ ಸಭೆಗಳ ಚರಿತ್ರೆ ಶುರುವಾಗೋದು ಅಲ್ಲಿಂದ. ಅಂದರೆ ಮೊಣಕಾಲೂರಿದವರ ಜೊತೆಗೆ ಕಾಗದ ಬರೆದವರು, ಹಡಗು ಹತ್ತಿದವರು ಕೂಡ ಈ ಕತೆಯಲ್ಲಿದ್ದಾರೆ. ಬೇರೆಯವರಿಗೆ ಏನಾಯಿತು ಅಂತ ಕೇಳಿದಾಗಲೇ ನಮಗೂ ಆಗಬಹುದು ಅನ್ನೋ ಆಸೆ ಹುಟ್ಟಿದ್ದು.

ಹಾಗಾದರೆ ಇದೆಲ್ಲಾ ಬರೀ ಗುಂಪಿನ ಆವೇಶ ಅಂತ ತಳ್ಳಿಹಾಕಬಹುದಾ? ನಂಬಿಕೆಯಿಲ್ಲದ ಓದುಗರು ಹಾಗೆ ಹೇಳೋದುಂಟು: ನೊಂದ ಹುಡುಗಿಯರು, ಒತ್ತೊತ್ತಾಗಿ ಬದುಕುವ ಜಾಗ, ಒಬ್ಬಳು ಅತ್ತರೆ ಎಲ್ಲರೂ ಅಳ್ತಾರೆ ಅಂತ. ಇದೂ ಸೋಮಾರಿ ಓದೇ. ಆವೇಶಕ್ಕೆ ಆರು ತಿಂಗಳ ಶಿಸ್ತು ಇರಲ್ಲ. ಬೆಳಗಾದರೆ ಹಳ್ಳಿಗೆ ನಡೆದುಹೋಗುವ ಕೆಲಸವನ್ನೂ ಅದು ಹಚ್ಚಲ್ಲ. ರಮಾಬಾಯಿಯವರ ದೊಡ್ಡತನ ಕಾಣೋದೂ ಇಲ್ಲೇ. ಈ ಅಳು, ಈ ಗದ್ದಲ ಸಭ್ಯವಲ್ಲ ಅನ್ನೋ ಟೀಕೆ ಬಂದಾಗ ಅವರು ಹುಡುಗಿಯರ ಪರ ನಿಂತರು. ಭಾರತದ ಹೆಣ್ಣುಮಕ್ಕಳು ಪಾಶ್ಚಾತ್ಯರ ಥರಾನೇ ಪ್ರಾರ್ಥಿಸಬೇಕು ಅನ್ನೋ ಹಟ ಅವರಿಗಿರಲಿಲ್ಲ.

ಇದು ಬರೀ ಚರಿತ್ರೆಯ ಜಗಳ ಅಲ್ಲ. ‘ಪ್ರಾರ್ಥಿಸಿದರೆ ಬರುತ್ತೆ’ ಅನ್ನೋ ಸೂತ್ರಕ್ಕೆ ಒಂದು ಕ್ರೂರ ಮಗ್ಗುಲಿದೆ: ಬರಲಿಲ್ಲ ಅಂದರೆ ನೀವು ಸಾಕಷ್ಟು ಪ್ರಾರ್ಥಿಸಿಲ್ಲ. ದುಬೈಯಲ್ಲೋ ಡಲ್ಲಾಸ್‌ನಲ್ಲೋ ವಾರಕ್ಕೊಮ್ಮೆ ಬಾಡಿಗೆ ಹಾಲ್‌ನಲ್ಲಿ ಸೇರುವ ಹದಿನೈದು ಜನರ ಕನ್ನಡ ಸಭೆಯನ್ನು ನೆನೆಸಿಕೊಳ್ಳಿ. ವರ್ಷಗಟ್ಟಲೆ ಪ್ರಾರ್ಥಿಸಿದ್ದಾರೆ, ಹದಿನೈದು ಜನ ಹದಿನೈದಾಗಿಯೇ ಇದ್ದಾರೆ. ಅವರ ಹೆಗಲ ಮೇಲೆ ಆ ತಪ್ಪು ಹೊರಿಸುವ ಕತೆ ಸುವಾರ್ತೆ ಹೇಗಾದೀತು?

ಮುಕ್ತಿಯ ಕತೆಯನ್ನು ಜನವರಿಯಿಂದ ಓದಿದರೆ ಆ ಭಾರ ಇಳಿಯುತ್ತೆ. ದೇವರು ಜೂನ್‌ನಲ್ಲಿ ಏನು ಮಾಡಿದರು ಅನ್ನೋದನ್ನು ನಂಬುವವರು ನಂಬಲಿ, ನಾನು ಅಳೆಯೋಕೆ ಹೋಗಲ್ಲ. ಆದರೆ ಯಾರೂ ಲೆಕ್ಕಕ್ಕೆ ಹಿಡಿಯದವರು ದಿನಾ ಒಟ್ಟಿಗೆ ಕೂತು, ಒಬ್ಬರ ದನಿ ಇನ್ನೊಬ್ಬರು ಕೇಳುವ ಹಾಗಾದಾಗಲೇ ಅಲ್ಲಿ ಏನೋ ಜೀವ ಪಡೆದಿತ್ತು. ಆ 70 ಮಂದಿ 70 ಮಂದಿಯಾಗಿಯೇ ಉಳಿದಿದ್ದರೂ ಅದು ಸುಳ್ಳಾಗುತ್ತಿರಲಿಲ್ಲ.